ನೀಲಿ ಚುಕ್ಕೆಯ ಏಳು ಮರಿಗಳು

ಹೆಂಡತಿಯ ಮಾತಿಗೆ ‘ಹೂಂ’ ಅನ್ನುವುದು ಅಳಿಯನಿಗೆ ಉಸಿರಾಡಿದಷ್ಟೇ ಸಲೀಸು. ಸಂಸಾರದಲ್ಲಿ ಹೂಂ ಅಂದವನು ಕೆಟ್ಟಿಲ್ಲ ಎಂಬುದು ಅವನ ನಂಬಿಕೆ. ಆ ದಿನ ಬೆಳಿಗ್ಗೆಯೂ ಅವನು ತಕ್ಕಡಿಯ ತುಕ್ಕು ಉಜ್ಜುತ್ತಿದ್ದಾಗ ಅವಳು ಅಡುಗೆಮನೆಯಿಂದ ಏನೋ ಹೇಳಿದಳು. ಇವನು ಹೂಂ ಅಂದ.

ಅವನ ತಲೆಯಲ್ಲಿದ್ದದ್ದು ಕುರಿದೊಡ್ಡಿಯ ಬೀಗದ ಕೈ. ಮನೆಅಳಿಯನಾಗಿ ಆರು ವರ್ಷವಾದರೂ ಅದು ಮಾವನ ಸೊಂಟ ಬಿಟ್ಟು ಕದಲಿರಲಿಲ್ಲ. ದೊಡ್ಡಿ ಗುಡಿಸುವವನು ಅಳಿಯ, ಯಜಮಾನ ಮಾತ್ರ ಮಾವ. ಮೊನ್ನೆ ಬಂದಿದ್ದ ಪಶುವೈದ್ಯೆ ಹೇಳಿದ್ದಳು: “ಜಂತುಹುಳದ ಔಷಧಿ ಎಲ್ಲ ಮರಿಗೂ ಕುಡಿಸಬೇಡಿ. ತೂಗಿ ನೋಡಿ, ವಯಸ್ಸಿಗೆ ತಕ್ಕಷ್ಟು ಮೈ ತುಂಬದ ಮರಿಗೆ ಮಾತ್ರ ಕೊಡಿ. ಸುಮ್ಮಸುಮ್ಮನೆ ಎಲ್ಲಕ್ಕೂ ಹಾಕಿದ್ರೆ ಹುಳಕ್ಕೆ ಅಭ್ಯಾಸ ಆಗಿ, ಬೇಕಾದಾಗ ಔಷಧಿ ನಾಟೋದೇ ಇಲ್ಲ.”

ಮಾವ ನಕ್ಕುಬಿಟ್ಟಿದ್ದ. “ನೆಂಟರನ್ನ ತೂಗಿ ಊಟ ಹಾಕ್ತಾರೇನ್ರಿ? ಆಗಲಿ ಅಳಿಯಂದ್ರೇ, ನೀವೇ ಮಾಡಿ. ಡಾಕ್ಟರಮ್ಮ ನಾಡಿದ್ದು ಸಂಜೆ ಬಂದು ಸೈ ಅಂದ್ರೆ ಬೀಗದ ಕೈ ನಿಮ್ಮದು. ಇಲ್ಲಾಂದ್ರೆ ತೆಪ್ಪಗೆ ಪೊರಕೆ ಹಿಡೀರಿ.”

ಇಪ್ಪತ್ತನಾಲ್ಕು ಮರಿಗಳನ್ನು ಒಂದೊಂದಾಗಿ ತೂಗಿದ್ದಾಯಿತು. ಅಳಿಯ ಪ್ರತಿ ಮರಿಯ ಕಿವಿಬಿಲ್ಲೆಯ ನಂಬರು, ತೂಕ ಕೂಗಿ ಹೇಳಿ ಚೀಟಿಯಲ್ಲಿ ಬರೆದುಕೊಂಡ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗೋಡೆಯ ಮೇಲೆ ಗದ್ದ ಊರಿ ಎಲ್ಲಕ್ಕೂ ಬಾಯಿ ಹಾಕಿದರು.

“ಫೇಲಾದೋರಿಗೆ ಮಾತ್ರ ಔಷಧೀನಾ? ನಮ್ಮ ಕಾಲದಲ್ಲಿ ಫೇಲಾದೋರಿಗೆ ಬೆತ್ತ ಇತ್ತು.”

ಫೇಲಾದವು ಏಳು. ಅಳಿಯ ಕಪಾಟಿನ ಬಾಟಲಿಯಿಂದ ಬೆಳ್ಳಗಿನ ಔಷಧಿಯನ್ನು ಅಳೆದು ಏಳಕ್ಕೂ ಕುಡಿಸಿ, ಗುರುತಿಗೆಂದು ಬೆನ್ನಿಗೊಂದು ನೀಲಿ ಚುಕ್ಕೆ ಇಟ್ಟ. ಮನೆಯ ಬೆಕ್ಕು ಅದೇಕೋ ಬೆಳಗಿನಿಂದ ದೊಡ್ಡಿಯಲ್ಲೇ ಠಿಕಾಣಿ ಹೂಡಿ ಮರಿಗಳ ಮೂತಿ ನೆಕ್ಕುತ್ತಿತ್ತು. ಅದನ್ನು ಓಡಿಸಲು ಅಳಿಯ ಎದ್ದದ್ದೇ ತಪ್ಪಾಯಿತು. ಬೆದರಿದ ಮರಿಗಳೆಲ್ಲ ಒಂದೇ ಮೂಲೆಗೆ ನುಗ್ಗಿ ಮೈಗೆ ಮೈ ತಿಕ್ಕಿದವು. ಹಸಿ ಬಣ್ಣ. ನೋಡನೋಡುತ್ತಿದ್ದಂತೆ ಇಪ್ಪತ್ತನಾಲ್ಕೂ ನೀಲಿ.

“ಚೀಟಿ ಇದೆಯಲ್ಲ ಮಾರಾಯ!” ಅಂದರು ಮೇಷ್ಟ್ರು.

ಚೀಟಿ ಇತ್ತು, ಒಂಬತ್ತನೇ ನಂಬರಿನ ಬಾಯಲ್ಲಿ. ಎಳೆದಾಗ ಕೈಗೆ ಬಂದದ್ದು ತಾರೀಕು ಮಾತ್ರ.

ಅಷ್ಟರಲ್ಲಿ ಪಶುವೈದ್ಯೆ ಗೇಟು ತೆರೆದು ಬಂದಳು, ಹಿಂದೆಯೇ ಮಾವ. ನೀಲಿ ಮಂದೆಯನ್ನು ಕಂಡು ವೈದ್ಯೆ ಹುಬ್ಬು ಗಂಟಿಕ್ಕಿದಳು. “ಕೊನೆಗೂ ಎಲ್ಲಕ್ಕೂ ಕುಡಿಸಿಬಿಟ್ರಾ?”

ಅಳಿಯ ತಾರೀಕಿನ ತುಂಡನ್ನು ಮುಂದೆ ಹಿಡಿದ. ಆಗ ಮೇಷ್ಟ್ರು ಹಾಜರಿ ಕೂಗುವ ಧಾಟಿಯಲ್ಲಿ ಶುರುಮಾಡಿದರು: “ಮೂರು, ಏಳು, ಒಂಬತ್ತು, ಹದಿನಾಲ್ಕು, ಹದಿನೇಳು, ಇಪ್ಪತ್ತು, ಇಪ್ಪತ್ತಮೂರು. ಇವಿಷ್ಟೇ ಫೇಲು. ತೂಕಾನೂ ಹೇಳಲಾ?”

ಅಳಿಯನಿಗೆ ಆ ಮುದುಕರನ್ನು ಅಪ್ಪಿಕೊಳ್ಳಬೇಕೆನಿಸಿತು. ವೈದ್ಯೆ ನಕ್ಕಳು. ಮಾವನ ಕೈ ಒಲ್ಲದ ಮನಸ್ಸಿನಿಂದ ಸೊಂಟದತ್ತ ಹೋಯಿತು.

“ಬಾಟಲಿ ಒಮ್ಮೆ ನೋಡ್ಬಿಡ್ತೀನಿ,” ಅಂದಳು ವೈದ್ಯೆ. ಎತ್ತಿ ಹಿಡಿದರೆ ತಳದಲ್ಲಿ ಎರಡು ಬೆರಳಿನಷ್ಟೇ ಉಳಿದಿತ್ತು. “ಏಳು ಮರಿಗೆ ಇಷ್ಟೊಂದಾ?”

ಅಳಿಯ ಮಾವನ ಮುಖ ನೋಡಿದ. ಮಾವ ಆಕಾಶ ನೋಡಿದ.

“ಬೆಳಗಿನ ಜಾವ ಒಂದೊಂದು ಗುಟುಕು... ಮನಸ್ಸು ತಡೀಲಿಲ್ಲ,” ಅಂತ ಕೊನೆಗೆ ಗೊಣಗಿದ ಮಾವ. “ಎಲ್ಲಕ್ಕೂ.”

“ಅಯ್ಯೋ, ಈ ಏಳಕ್ಕೆ ಎರಡು ಸಲ ಆಯ್ತಲ್ಲ!” ವೈದ್ಯೆ ಗಾಬರಿಯಾದಳು.

“ಒಂದು ಸಲಾನೂ ಆಗಿಲ್ಲ ಮೇಡಂ.” ಹೆಂಡತಿ ಸೆರಗಿನಲ್ಲಿ ಕೈ ಒರೆಸುತ್ತ ಹೊರಗೆ ಬಂದಳು. ಕೈಯಲ್ಲಿ ಮುಚ್ಚಳ ಒಡೆಯದ ಔಷಧಿ ಬಾಟಲಿ. “ಅಪ್ಪ ಸುಮ್ಮನಿರೋ ಪೈಕಿ ಅಲ್ಲ ಅಂತ ಗೊತ್ತಿತ್ತು. ರಾತ್ರೀನೇ ಹಳೇ ಬಾಟಲೀಲಿ ಹಾಲುನೀರು ತುಂಬಿಸಿ ಕಪಾಟಲ್ಲಿಟ್ಟೆ. ಇದನ್ನ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟೆ. ಇವರಿಗೆ ಬೆಳಿಗ್ಗೇನೇ ಹೇಳಿದೆ. ಹೂಂ ಅಂದ್ರು.”

ಬೆಕ್ಕು ಮೀಸೆ ಒರೆಸಿಕೊಂಡಿತು. ಅಳಿಯನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

“ಈ ಮನೇಲಿ ಔಷಧಿ ಉಳಿಸಿದೋರು ನಿಮ್ಮ ಹೆಂಡ್ತಿ ಒಬ್ಬರೇ,” ಅಂದಳು ವೈದ್ಯೆ. “ಆ ಏಳಕ್ಕೆ ಈಗ ಇದರಿಂದ ಕುಡಿಸಿ.”

ಮಾವ ಬೀಗದ ಕೈ ಬಿಚ್ಚಿದ. ಅಳಿಯ ಕೈ ಚಾಚಿದ. ಅದು ಅವನ ಕೈ ದಾಟಿ ಮಗಳ ಸೊಂಟ ಸೇರಿತು.

ಅವಳು ಅದನ್ನು ಸಿಕ್ಕಿಸಿಕೊಳ್ಳುತ್ತ ಗಂಡನಿಗೆ ಏನೋ ಹೇಳಿದಳು. ಅವನ ಕಣ್ಣು ಇನ್ನೂ ಬೀಗದ ಕೈ ಮೇಲೇ ಇತ್ತು. “ಹೂಂ,” ಅಂದ. ತಕ್ಷಣ ಎಚ್ಚೆತ್ತು, “ಏನಂದೆ?” ಅಂತ ಕೇಳಿದ.

ಅವಳು ಆಗಲೇ ಒಳಗೆ ಹೋಗಿದ್ದಳು. ಉತ್ತರ ಗೋಡೆಯಾಚೆಯಿಂದ ಬಂತು.

“ಇಪ್ಪತ್ತನಾಲ್ಕಕ್ಕೂ ಸ್ನಾನ ಮಾಡಿಸಿ ಬಣ್ಣ ತೆಗೀಬೇಕಂತೆ, ದಿನಾ ಎರಡು ಹೊತ್ತು ದೊಡ್ಡಿ ಗುಡಿಸಬೇಕಂತೆ,” ಅಂದರು ಮೇಷ್ಟ್ರು. “ನೀನು ಹೂಂ ಅಂದಿದ್ದೀಯ. ನಾನೇ ಸಾಕ್ಷಿ.”