ಎಡಗೈಗೆ ಮೂರು ಸಾಕ್ಷಿ

ಕಲ್ಮೇಶನ ಮನೆಯ ಹಿಂದೆ ಕೂತು ಹರಟಲು ಹೊಸ ಮರದ ಡೆಕ್ ಎದ್ದ ದಿನದಿಂದ ಹರಿಪ್ರಸಾದನ ಎಡಗೈ ನೋವು ಎರಡು ಪಟ್ಟಾಯಿತು.

ಇಬ್ಬರೂ ಅಮೆರಿಕದ ಜರ್ಮನ್‌ಟೌನಿನಲ್ಲಿ ಅಕ್ಕಪಕ್ಕದ ಮನೆಯವರು. ಎರಡು ವರ್ಷದ ಹಿಂದೆ ಒಂದೇ ಸಂಜೆ, ಒಂದೇ ಸಾಲಿನಲ್ಲಿ ನಿಂತು ಫ್ಲೂ ಲಸಿಕೆ ಹಾಕಿಸಿಕೊಂಡಿದ್ದರು. ಇಬ್ಬರಿಗೂ ಸೂಜಿ ತೋಳಿನ ತೀರಾ ಮೇಲೆ ಹೊಕ್ಕು ನರಕ್ಕೆ ಪೆಟ್ಟಾಗಿತ್ತು. ಕಲ್ಮೇಶ ಸರ್ಕಾರದ ಲಸಿಕೆ ಪರಿಹಾರ ನಿಧಿಗೆ ಅರ್ಜಿ ಹಾಕಿ ಪರಿಹಾರ ಪಡೆದ, ಆ ದುಡ್ಡಲ್ಲೇ ಡೆಕ್ ಕಟ್ಟಿಸಿದ. ಹರಿಪ್ರಸಾದ ನೆರೆಹೊರೆಯವರು ಹೇಳಿದ ಮದ್ದನ್ನೆಲ್ಲ ಮಾಡಿಸಿಕೊಂಡು ಕೂತ.

“ಅದೇ ನರ್ಸು, ಅದೇ ಎಡಗೈ! ಅವನಿಗೆ ಡೆಕ್ಕು, ನನಗೆ ನೋವು,” ಎಂದು ಕಿಟಕಿಯಲ್ಲಿ ನಿಂತು ಹಲ್ಲು ಕಡಿದ.

“ಅವ್ರು ಅಪ್ಲೈ ಮಾಡಿದ್ರು, ನೀವು ಹೊಟ್ಟೆ ಉರ್ಕೊಂಡ್ರಿ. ಹೊಟ್ಟೆ ಉರಿಗೆ ಯಾವ ಫಾರ್ಮೂ ಇಲ್ಲ,” ಎನ್ನುತ್ತ ಹೆಂಡತಿ ಮಧುರಾ ಮೇಲಿನ ಶೆಲ್ಫಿನ ಮಿಕ್ಸಿ ಜಾರಿಗಾಗಿ ಸ್ಟೂಲ್ ಹತ್ತಿದಳು. ಹರಿಪ್ರಸಾದನ ಕೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ.

ಕೊನೆಗೆ ಅವನೂ ವಕೀಲೆಯೊಬ್ಬಳನ್ನು ಹಿಡಿದ. ಶುಕ್ರವಾರ ಬೆಳಿಗ್ಗೆ ಅವಳ ಫೋನು ಬಂತು. “ನೋವು ಆರು ತಿಂಗಳು ಮೀರಿ ಉಳಿದಿದೆ ಅಂತ ತೋರಿಸಬೇಕು. ನೀವು ಡಾಕ್ಟರ ಹತ್ತಿರ ಹೋಗಿರುವುದೇ ಎರಡು ಸಲ. ನಿಮ್ಮ ಪಾಡನ್ನು ಕಣ್ಣಾರೆ ಕಂಡವರು ಇವತ್ತು ಐದರೊಳಗೆ ನನಗೆ ಪತ್ರ ಕಳಿಸಲಿ. ಆಮೇಲೆ ಕೇಸು ಹಿಡಿಯುವ ವಿಚಾರ.”

ಹರಿಪ್ರಸಾದ ಮೊದಲು ಓಡಿದ್ದು ಎದುರುಮನೆಯ ಮಹಾದೇವಕ್ಕನ ಹತ್ತಿರ.

“ಬರೀತೀನೋ ತಮ್ಮಾ. ಆದ್ರ ಖರೇ ಹೇಳು, ಮೂರು ವಾರ ಬಿಸಿ ಉಪ್ಪಿನ ಗಂಟಿಲೆ ಕಾವು ಕೊಟ್ಟೀನಿ. ಆರಾಮ ಆತೋ ಇಲ್ಲೋ?”

ಮದ್ದು ಮಾಡಿದವರ ಮುಖ ನೋಡಿಕೊಂಡು ಇಲ್ಲ ಅನ್ನುವುದು ಹೇಗೆ? “ಆಗದೇ ಇರುತ್ತಾ ಅಕ್ಕಾ? ಎಷ್ಟೋ ವಾಸಿ.”

“ಆ ಶೈಲಜಾನೂ ಏನೋ ಎಣ್ಣಿ ತಿಕ್ಕಿದ್ಲಂತಲ್ಲ?”

“ಅಯ್ಯೋ, ಅದ್ರಿಂದ ಏನಾಯ್ತು, ಎಲ್ಲಾ ನಿಮ್ಮ ಉಪ್ಪಿನಿಂದ್ಲೇ.”

ಮಹಾದೇವಕ್ಕನ ಮುಖ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿತು.

ಮೂಲೆಮನೆಯ ಶೈಲಜಾ ಆಂಟಿ ಬಾಗಿಲಲ್ಲೇ ತಡೆದಳು. “ಮೊದ್ಲು ಅವ್ರ ಮನೆಗೆ ಹೋಗಿದ್ರಂತೆ? ಉಪ್ಪಿಗೆ ನರ ಸರಿಹೋಗತ್ತೇನ್ರೀ? ಮೈಸೂರಿಂದ ಎಣ್ಣೆ ತರಿಸಿದ್ದು ನಾನು!”

“ನಿಮ್ಮ ಎಣ್ಣೆ ಇಲ್ದಿದ್ರೆ ನಾನೆಲ್ಲಿರ್ತಿದ್ದೆ ಆಂಟಿ!” ಎಂದು ಅಲ್ಲಿಂದಲೂ ಪಾರಾದ.

ಬೇಸ್‌ಮೆಂಟಿನಲ್ಲಿ ಯೋಗ ಹೇಳಿಕೊಡುವ ಸೋಮಲಿಂಗಪ್ಪ ಅಂಕಲ್ಲಿಗೆ, ಆಸನದ ಮುಂದೆ ಉಪ್ಪು ಎಣ್ಣೆ ಎರಡೂ ದಂಡ ಎಂದ. ಅವರು ಅಲ್ಲೇ ಲ್ಯಾಪ್‌ಟಾಪ್ ತೆರೆದು ಕುಟ್ಟತೊಡಗಿದರು.

ನಾಲ್ಕರ ಹೊತ್ತಿಗೆ ಮೂವರೂ ಕಳಿಸಿದ್ದಾಯಿತು ಎಂದು ಮೆಸೇಜು ಬಿಟ್ಟಿದ್ದರು. ಮನೆಯಲ್ಲೇ ಕೂತು ಆಫೀಸಿನ ಆನ್‌ಲೈನ್ ಮೀಟಿಂಗಿನಲ್ಲಿ ಸಿಕ್ಕಿಕೊಂಡಿದ್ದ ಹರಿಪ್ರಸಾದ ಮನಸ್ಸಿನಲ್ಲೇ ಕಲ್ಮೇಶನದಕ್ಕಿಂತ ದೊಡ್ಡ ಡೆಕ್ ಕಟ್ಟಿಸಿ, ಅದಕ್ಕೆ ಮಾಡನ್ನೂ ಹೊದಿಸಿದ.

ಐದಕ್ಕೆ ವಕೀಲೆ ಫೋನು ಮಾಡಿದಳು. “ಮೂರೂ ಓದಿದೆ. ಉಪ್ಪಿನಿಂದ ಒಂದೇ ತಿಂಗಳಲ್ಲಿ ಪೂರ್ತಿ ವಾಸಿ ಅಂತ ಒಬ್ಬರು, ಎಣ್ಣೆಯಿಂದ ಅಂತ ಒಬ್ಬರು, ಯೋಗದಿಂದ ಅಂತ ಇನ್ನೊಬ್ಬರು. ಒಟ್ಟು ಮೂರು ಸಲ ವಾಸಿಯಾಗಿದ್ದೀರಿ.”

“ಎಲ್ಲಾ ಸುಳ್ಳು ಮೇಡಂ! ಕೈ ಇನ್ನೂ ಎತ್ತಲಾಗುತ್ತಿಲ್ಲ.”

“ವಾಸಿಯಾಯಿತು ಅಂತ ನೀವೇ ಬಾಯಾರೆ ಹೇಳಿದಿರಿ ಎಂದು ಮೂವರೂ ಬರೆದಿದ್ದಾರೆ. ಹೇಳಲಿಲ್ಲವೆ?”

“ಅವರ ಮನಸ್ಸು ನೋಯಿಸಬಾರದು ಅಂತ ಹೇಳಿದೆ ಮೇಡಂ.”

“ಇವನ್ನು ಬಚ್ಚಿಟ್ಟು ಅರ್ಜಿ ಹಾಕುವುದು ನನ್ನಿಂದಾಗದು. ಕ್ಷಮಿಸಿ,” ಎಂದು ಅವಳು ಫೋನಿಟ್ಟಳು.

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಕಲ್ಮೇಶ! ಮುಖ ಹುಳ್ಳಗಾಗಿತ್ತು.

“ಏನ್ರೀ ಹರಿಪ್ರಸಾದ, ಪೂರ್ತಿ ಆರಾಮ ಆಗೇತಂತ? ನಂದs ಮದ್ದು, ನಂದs ಮದ್ದು ಅಂತ ಮೂರೂ ಮಂದಿ ನಮ್ಮ ವಾಟ್ಸಾಪ್ ಗ್ರೂಪಿನ್ಯಾಗ ಪತ್ರ ಹಾಕ್ಯಾರ. ನಿಮ್ಮ ನಸೀಬ ನೋಡ್ರಿ! ನಂಗ ರೊಕ್ಕ ಬಂತು, ಕೈ ಬರ್ಲಿಲ್ಲ. ಇವತ್ತಿಗೂ ಅಂಗಿ ತೊಡಸಾಕ ಹೆಂಡ್ತಿ ಶ್ರೀದೇವಿ ಬೇಕು. ಎರಡು ವರ್ಷದಾಗ ಒಂದು ರಾತ್ರಿನೂ ಈ ಮಗ್ಗಲಿಗೆ ಮಲಗಿಲ್ಲ.” ಅವನು ಒಂದು ಹೆಜ್ಜೆ ಹತ್ತಿರ ಬಂದ. “ಎಲ್ಲಿ, ಒಮ್ಮೆ ಎತ್ತಿ ತೋರಿಸ್ರಿ.”

ಹರಿಪ್ರಸಾದ ನಿಜ ಹೇಳಬೇಕೆಂದುಕೊಂಡ. ಆದರೆ ಕಲ್ಮೇಶನ ಕಣ್ಣಲ್ಲಿ, ಇಷ್ಟು ದಿನ ತಾನು ಕಿಟಕಿಯಲ್ಲಿ ನಿಂತು ಅನುಭವಿಸಿದ ಹೊಟ್ಟೆಕಿಚ್ಚೇ ಉರಿಯುತ್ತಿತ್ತು. ಅದನ್ನು ನೋಡುವ ಸುಖ ಕೈಬಿಡಲು ಮನಸ್ಸಾಗಲಿಲ್ಲ.

ಹಲ್ಲು ಕಚ್ಚಿ ಎಡಗೈಯನ್ನು ತಲೆಯ ಮೇಲಕ್ಕೆತ್ತಿದ. ಭುಜದಿಂದ ಬೆರಳಿನವರೆಗೆ ಕಾದ ಸಲಾಕೆ ಹಾಯ್ದಂತಾಯಿತು. ಕಣ್ಣು ತುಂಬಿ ಬಂತು.

“ಪಾಪ, ಖುಷಿಗೆ ಕಣ್ಣೀರ ಬಂತ್ ನೋಡ್ರಿ,” ಎಂದು ಕಲ್ಮೇಶ ಇನ್ನಷ್ಟು ಕರುಬಿದ. “ಹಂಗs ಹಿಡೀರಿ, ಫೋಟೋ ತಗೋತೀನಿ.”