ಪೋಸ್ಟ್ ಮಾಸ್ಟರರ ಬಿಸಿಲೊಲೆ

ಹೆಂಡತಿಯ ಒಲೆ ಊರಿನ ಸೌದೆಯನ್ನೆಲ್ಲ ನುಂಗುತ್ತಿದೆ ಎಂಬುದು ಕಡಬದ ಪೋಸ್ಟ್ ಮಾಸ್ಟರ್ ಮಹಾಬಲ ರೈಗಳ ಬಹುಕಾಲದ ದೂರು. ಎಂಬತ್ತೈದರ ಮಾರ್ಚಿನಲ್ಲಿ ಪುತ್ತೂರಿನ ಒಂದು ಪ್ರದರ್ಶನಕ್ಕೆ ಹೋದವರು, ಬಸ್ಸಿನ ಟಾಪಿನಲ್ಲಿ ಒಂದು ದೊಡ್ಡ ಪೆಟ್ಟಿಗೆ ಹೇರಿಕೊಂಡು ಬಂದರು. ಒಳಗೆ ಕಪ್ಪು ಬಳಿದ ನಾಲ್ಕು ಡಬ್ಬಿ, ಮೇಲೆ ಗಾಜು, ಮುಚ್ಚಳದಲ್ಲಿ ಕನ್ನಡಿ. ಬಿಸಿಲಲ್ಲಿಟ್ಟರೆ ಅಡುಗೆ ತಾನಾಗಿ ಬೇಯುವ ಸೋಲಾರ್ ಕುಕ್ಕರ್!

“ಒಂದೂವರೆ ಗಂಟೆಯಲ್ಲಿ ಅನ್ನ ಮಾಡಿ ತೋರಿಸಿದ್ರು,” ಎಂದು ರೈಗಳು ಘೋಷಿಸಿದರು.

“ಯಾವ ಅಕ್ಕಿಯ ಅನ್ನ?” ಹೆಂಡತಿ ಪಂಕಜಾಕ್ಷಿ ಕೇಳಿದರು.

“ಅಕ್ಕಿ ಅಂದ್ರೆ ಅಕ್ಕಿ.”

“ಬಿಳಿ ಬೆಳ್ತಿಗೆಯಾ, ಕೆಂಪು ಕುಚ್ಚಲಾ? ನಾವು ಉಣ್ಣುದು ಕುಚ್ಚಲು ಮಾರಾಯ್ರೆ. ಉರಿಯುವ ಒಲೆಯಲ್ಲೇ ಅದು ಬೇಗ ಬೇಯುದಿಲ್ಲ. ಮತ್ತೆ ಮನೆಯಲ್ಲಿ ಏಳು ಜನ ಇದ್ದೇವೆ. ಈ ಡಬ್ಬಿಯಲ್ಲಿ ಎಷ್ಟು ಹಿಡೀತದೆ ಅಂತ ನೋಡಿದ್ದೀರಾ?”

(ನೋಡಿರಲಿಲ್ಲ. ಕನ್ನಡಿಯ ಹೊಳಪು ನೋಡುವುದರಲ್ಲೇ ಸಮಯ ಹೋಗಿತ್ತು.)

ಉತ್ತರ ಸಿಗದಾಗ ಗಂಡಸರು ಮಾಡುವಂತೆ ರೈಗಳೂ ಪ್ರತಿಜ್ಞೆ ಮಾಡಿದರು. “ಆದಿತ್ಯವಾರ ನಿನ್ನ ಅಣ್ಣ ಊಟಕ್ಕೆ ಬರ್ತಾರಲ್ಲ? ಅವತ್ತು ನಮ್ಮ ಮನೆಯ ಒಲೆ ಹೊತ್ತಿಸ್ಲಿಕ್ಕಿಲ್ಲ. ಅಡುಗೆ ನನ್ನದು!”

ಆದಿತ್ಯವಾರ ಒಂಬತ್ತಕ್ಕೇ ಪೆಟ್ಟಿಗೆ ಅಂಗಳಕ್ಕಿಳಿಯಿತು. ಹತ್ತಕ್ಕೆ ಹಲಸಿನ ಮರದ ನೆರಳು ಬಂತು. ರೈಗಳು ಪೆಟ್ಟಿಗೆಯನ್ನು ಬಾವಿಕಟ್ಟೆಯ ಹತ್ತಿರ ಒಯ್ದರು. ಹನ್ನೊಂದಕ್ಕೆ ಅಲ್ಲಿಂದ ಗೇಟಿನ ಬಳಿಗೆ. ಅರ್ಧ ಗಂಟೆಗೊಮ್ಮೆ ಕನ್ನಡಿ ತಿರುಗಿಸಬೇಕು, ನಡುವೆ ಕೋಳಿ ಓಡಿಸಬೇಕು. ಒಂದು ಗಂಟೆಗೆ ಭಾವ ತ್ಯಾಂಪಣ್ಣ ಬಂದಾಗ ರೈಗಳ ಬೋಳುತಲೆ ಹದವಾಗಿ ಬೆಂದಿತ್ತು. ಅಕ್ಕಿ ಬೆಂದಿರಲಿಲ್ಲ.

“ಎಂತ ಭಾವ, ಬಿಸಿಲಲ್ಲಿ?”

“ಈಗ ಆಗ್ತದೆ, ಕೂತುಕೊಳ್ಳಿ!”

ಎರಡು ಗಂಟೆಗೂ ಅಕ್ಕಿ ಹಲ್ಲಿಗೆ ಕಟಕಟ ಎನ್ನುತ್ತಿತ್ತು. ರೈಗಳ ಮಾನ ಹೋಗುವುದರಲ್ಲಿತ್ತು. ಅಷ್ಟರಲ್ಲಿ ಒಳಗಿನಿಂದ ಕೋಳಿಸಾರಿನ ಘಮ ಬಂತು. ಹೋಗಿ ನೋಡಿದರೆ ಸಾಲಾಗಿ ಎಲೆ ಹಾಕಿ, ಹಬೆಯಾಡುವ ಕುಚ್ಚಲನ್ನ ಬಡಿಸಿಯಾಗಿದೆ.

“ಒಲೆ ಹೊತ್ತಿಸಿದೆಯಾ?” ರೈಗಳು ಗುಡುಗಿದರು.

“ನಿಮ್ಮ ಮಾತು ಮೀರ್ಲಿಕ್ಕುಂಟಾ? ನಮ್ಮ ಒಲೆ ಮುಟ್ಟಿ ನೋಡಿ, ತಣ್ಣಗೆ ಉಂಟು. ಇದೆಲ್ಲ ಆಚೆಮನೆ ರುಖಿಯಮ್ಮನ ಒಲೆಯಲ್ಲಿ ಆದದ್ದು.”

ತ್ಯಾಂಪಣ್ಣ ಎರಡನೆಯ ಸಲ ಸಾರು ಹಾಕಿಸಿಕೊಂಡು ಗಂಭೀರವಾಗಿ ಹೇಳಿದರು: “ನಿಮ್ಮ ಕುಕ್ಕರ್ ಒಳ್ಳೆದುಂಟು ಭಾವ. ಸೌದೆ ಬೇಡ, ಸೀಮೆಎಣ್ಣೆ ಬೇಡ. ದಿನಕ್ಕೊಬ್ಬ ಪೋಸ್ಟ್ ಮಾಸ್ಟರ್ ಇದ್ರೆ ಸಾಕು.”

ಪೆಟ್ಟಿಗೆಯನ್ನು ಅಟ್ಟಕ್ಕೇರಿಸುವುದೆಂದು ರೈಗಳು ಅಂದೇ ತೀರ್ಮಾನಿಸಿದರು. ಆದರೆ ಮುಂದಿನ ಆದಿತ್ಯವಾರ ಬೆಳಿಗ್ಗೆ ಪಂಕಜಾಕ್ಷಿ ಅದನ್ನು ಒರೆಸಿ ಜಗಲಿಯಲ್ಲಿಟ್ಟಿದ್ದರು. ನಾಲ್ಕು ಡಬ್ಬಿಯ ತುಂಬ ನೆನೆಸಿದ ಹುರುಳಿ.

“ಇದು ನಮ್ಮ ಮನೆಗೆ ಆಗ್ತದೆ ಮಾರಾಯ್ರೆ, ದನಕ್ಕೆ ಹುರುಳಿ ಬೇಯಿಸುದಕ್ಕೆ. ಬೇಯುವಾಗ ಸಂಜೆಯಾದ್ರೂ ಅದು ಗಲಾಟೆ ಮಾಡುದಿಲ್ಲ,” ಎಂದು ಮುಂಡಾಸಿಗೊಂದು ಬೈರಾಸು ಕೊಟ್ಟರು. “ಹೋಗಿ, ಬಾವಿಕಟ್ಟೆಗೆ ಬಿಸಿಲು ಬಂತು.”