ಡಬ್ಲ್ಯೂ ಅಂದ್ರ ವಿಂಟರ್

ಮೂವತ್ತು ವರ್ಷ ಬಟ್ಟೆ ಮಾರಿದ ಕಣ್ಣಿಗೆ ಅಳತೆಪಟ್ಟಿ ಬೇಕಿಲ್ಲ ಎಂಬುದು ಬೆಟಗೇರಿಯ ಬಟ್ಟೆ ವ್ಯಾಪಾರಿ ಅಂದಾನಪ್ಪನವರ ಘೋಷಣೆ. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಅವನ ಎದೆ, ಸೊಂಟ, ಜೇಬು ಮೂರನ್ನೂ ಅಳೆದು ಮುಗಿಸುವ ಕಣ್ಣು ಅದು! ಇಂಥ ಮಹಾನುಭಾವರನ್ನು ಅವರು ಸರಕು ತರಿಸುವ ಕಂಪನಿ ಈ ಸಲ ಹೆಂಡತಿ ಸಮೇತ ಕೇಪ್‌ಟೌನ್ ಪ್ರವಾಸಕ್ಕೆ ಆರಿಸಿತು. ಅಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವ ಕಾರ್ಯಕ್ರಮವೂ ಇತ್ತು. ಜೋಡಿಗೆ ಒಬ್ಬರಿಗೆ ಮಾತ್ರ ಅವಕಾಶ. ಈಜು ಬಾರದಿದ್ದರೂ ನಡೆಯುತ್ತದೆ, ಕಲಿಸುವವನು ಕೈ ಹಿಡಿದಿರುತ್ತಾನೆ. ಆದರೆ ನೀರು ಕೊರೆಯುವಷ್ಟು ತಣ್ಣಗಿರುವುದರಿಂದ ದಪ್ಪ ರಬ್ಬರಿನ ವೆಟ್‌ಸೂಟ್ ಬೇಕೇ ಬೇಕು. ಬೇಕಾದವರಿಗೆ ಅಲ್ಲೇ ಬಾಡಿಗೆಗೆ ಸಿಗುತ್ತದೆ.

“ಮಂದಿ ಹಾಕ್ಕೊಂಡು ಬಿಟ್ಟ ಅಂಗಿ ನಾ ಮುಟ್ಟಾಂವಲ್ಲ. ನಮ್ಮ ಅಂಗಡಿ ಮಾನ ಏನಾಗಬೇಕು?” ಎಂದರು ಅಂದಾನಪ್ಪ.

“ನಾ ಇಳೀಲೇನ್ರಿ?” ಎಂದಳು ಹೆಂಡತಿ ಗದಿಗೆವ್ವ. “ನಾ ಕೊರ್ಲಹಳ್ಳಿಯಾಕಿ, ಹೊಳ್ಯಾಗ ಈಜಿ ಬೆಳದಾಕಿ. ನಿಮಗ ಬಕೀಟು ಬಿಟ್ರ ಬ್ಯಾರೆ ನೀರು ಗೊತ್ತಿಲ್ಲ.”

ಮಾತು ಖರೆ. ಅವರ ಓಣಿಯ ನಳಕ್ಕೆ ನೀರು ಬರುವುದೇ ಎಂಟು ದಿನಕ್ಕೊಮ್ಮೆ. ಖರೆ ಇದ್ದುದರಿಂದಲೇ ಅದು ಅಂದಾನಪ್ಪನವರಿಗೆ ಚುಚ್ಚಿತು.

“ನಾನಽ ಇಳಿಯಾಂವ. ನೀ ದಂಡಿ ಮ್ಯಾಲ ಕುಂತು ನನ್ನ ಚಪ್ಪಲಿ ಕಾಯಿ. ಅದೂ ಜವಾಬ್ದಾರಿ ಕೆಲಸ ಐತಿ.”

ಕಾರವಾರದಲ್ಲಿ ಇಂಥ ಸಾಮಾನು ಮಾರುವ ಖಲೀಲ ಎಂಬಾತ ಫೋನಿಗೆ ಪಟ್ಟಿ ಕಳಿಸಿದ. ಮೂರು, ಐದು, ಏಳು ಮಿಲಿಮೀಟರ್ ದಪ್ಪದವು. ಏಳರಲ್ಲಿ ಮತ್ತೆ ಎರಡು ಬಗೆ: ಒಂದರ ಮುಂದೆ ‘ಎಮ್’, ಇನ್ನೊಂದರ ಮುಂದೆ ‘ಡಬ್ಲ್ಯೂ’.

“ಎಮ್ ಅಂದ್ರ ಮೀಡಿಯಂ,” ಅಂದಾನಪ್ಪ ಅಪ್ಪಣೆ ಕೊಡಿಸಿದರು. “ಡಬ್ಲ್ಯೂ ಅಂದ್ರ ವಿಂಟರ್. ಥಂಡಿ ನೀರಿಗೆ ಇದಽ ಸೈ.”

“ಅಂವನ್ನ ಒಂದು ಮಾತು ಕೇಳ್ರಲಾ.”

“ಕೇಳಾಕ ನಾನೇನು ಗಿರಾಕಿಯೇನು?”

ಪಾಪ, ಆರ್ಡರು ನೋಡಿ ಖಲೀಲನೇ ಫೋನ್ ಮಾಡಿದ. “ಸಾಹೇಬ್ರ, ಡಬ್ಲ್ಯೂನಽ ಬೇಕೇನ್ರಿ? ಖಾತ್ರಿ?”

“ಖಾತ್ರಿ. ಅದರಾಗ ಎಲ್ಲಾಕ್ಕಿಂತ ದೊಡ್ಡದು ಕಳಸು. ಅಳತಿ ಗಿಳತಿ ನನಗ ಕೇಳಬ್ಯಾಡ.”

ಸೂಟು ಬಂತು. ಅಂದಾನಪ್ಪ ಅದರ ಅಂಚನ್ನು ಎರಡು ಬೆರಳಲ್ಲಿ ಹೊಸಕಿ, “ಕಂಬಳಿನ್ನ ಮೀರಿಸಿದ ಮಾಲು” ಎಂದು ಸರ್ಟಿಫಿಕೇಟು ಕೊಟ್ಟರು. ಹೊಸ ಬಟ್ಟೆಗೆ ಅರಿಷಿಣ ಹಚ್ಚದೆ ಮೈಮೇಲೆ ಹಾಕುವ ಪದ್ಧತಿ ಆ ಮನೆಯಲ್ಲಿಲ್ಲ. ಗದಿಗೆವ್ವ ಅರಿಷಿಣದ ಬಟ್ಟಲು ತಂದಳು.

“ನೀರಾಗಿನ ಅಂಗಿಗೆ ಎಂಥಾ ಅರಿಷಿಣ? ತೊಳಕೊಂಡು ಹೋಗತೈತಿ. ಒಯ್ಯಿ ಒಳಗ.”

ಮರುದಿನ ಅವಳು ಕಾಯಿಪಲ್ಲೆ ತರಲು ಹೋದದ್ದೇ ತಡ, ಅಂದಾನಪ್ಪ ಸೂಟು ಏರಿಸಲು ಕುಳಿತರು. ತೊಡೆಯ ತನಕ ಪೌಡರು ಸಾಕಾಯಿತು. ಹೊಟ್ಟೆಗೆ ಕುಸುಬಿ ಎಣ್ಣೆಯೇ ಬೇಕಾಯಿತು, ಅದು ಸೂಟಿನ ಮೇಲೂ ಹರಿಯಿತು. ಎಲ್ಲಿ ಸಡಿಲ ಇರಬೇಕೋ ಅಲ್ಲಿ ಬಿಗಿ, ಎಲ್ಲಿ ಬಿಗಿ ಇರಬೇಕೋ ಅಲ್ಲಿ ಜೋಳಿಗೆ. ವಿಲಾಯತಿ ಕಟಿಂಗೇ ಹೀಗೆ ಎಂದುಕೊಂಡರು. ಇನ್ನು ನೀರಲ್ಲಿ ಪರೀಕ್ಷೆ ಆಗಬೇಕಲ್ಲ? ಹಿಂದಿನ ದಿನವಷ್ಟೇ ನಳ ಬಂದು ಅಂಗಳದ ಸಂಪು ತುಂಬಿತ್ತು. ಮುಚ್ಚಳ ಸರಿಸಿ, ಉಸಿರು ಎಳೆದುಕೊಂಡು ಧೀರರು ಇಳಿದರು.

ಹೊತ್ತು ಕಳೆದು, ಕಾಯಿಪಲ್ಲೆ ತಂದಿಟ್ಟು ಕೊಡ ಹಿಡಿದು ಬಂದ ಗದಿಗೆವ್ವನಿಗೆ ಸಂಪಿನ ಬಾಯಲ್ಲಿ ಒಂದು ತಲೆ ಕಂಡಿತು.

“ಅಲ್ಲೇನ್ ಮಾಡಾಕತ್ತೀರಿ?”

“ಅಭ್ಯಾಸ.”

“ಮುಳುಗಿ ಗಿಳುಗೀರಿ, ಹುಷಾರು.”

“ಮುಳುಗವಲ್ದು. ಎಷ್ಟು ಒತ್ತಿದ್ರೂ ಈ ಮಾಲು ತೇಲತೈತಿ.”

“ಹಂಗಾರ ಮ್ಯಾಲ ಬರ್ರಿ.”

“ಅದೂ ಆಗವಲ್ದು.”

ಎಣ್ಣೆಯ ಕೃಪೆಯಿಂದ ಸಂಪಿನ ಬಾಯೊಳಗೆ ಸಲೀಸಾಗಿ ಜಾರಿದ ಹೊಟ್ಟೆ, ಎಣ್ಣೆ ತೊಳೆದುಹೋದ ಮೇಲೆ ಹೊರಗೆ ಬರಲು ಒಪ್ಪಲಿಲ್ಲ. ಗದಿಗೆವ್ವ ಸೀರೆ ತಂದು ಅವರ ಕಂಕುಳಿಗೆ ಬಿಗಿದಳು. “ಇದು ನಮ್ಮವ್ವ ಕೊಟ್ಟಿದ್ದು. ನಿಮ್ಮ ಅಂಗಡೀದಾದ್ರ ಹರಿತಿತ್ತು” ಎನ್ನುತ್ತ ಎಳೆದಳು. ಯಜಮಾನರು ಹೊರಬಂದರು. ಹಿಂದೆ ಉಳಿದದ್ದು ಎಣ್ಣೆ ತೇಲುವ, ಪೌಡರಿನ ಘಮಘಮ, ರಬ್ಬರಿನ ನಾತದ ಎಂಟು ದಿನದ ಕುಡಿಯುವ ನೀರು.

“ತಪ್ಪೇನಾತು? ಸೂಟು ಪಾಸಾತು,” ಎಂದರು ಅಂದಾನಪ್ಪ, ನೀರು ಸುರಿಸುತ್ತಲೇ.

ಗದಿಗೆವ್ವ ಖಾಲಿ ಕೊಡವನ್ನು ಅವರ ಹೆಗಲ ಮೇಲೆ ಇಟ್ಟಳು.

ಓಣಿಯ ತುದಿಯ ಬೋರಿನಿಂದ ನೀರು ಹೊರುವ ಮೂರನೆಯ ದಿನ, ಅಂಗಳಕ್ಕೆ ಕಾಲಿಡುವಾಗ ಫೋನ್ ಬಂತು. ಕೈಯಲ್ಲಿ ಕೊಡವಿದ್ದುದರಿಂದ ಅಂದಾನಪ್ಪ ಸ್ಪೀಕರಿಗೆ ಹಾಕಿದರು.

“ಸಾಹೇಬ್ರ, ಅಕ್ಕಾರಿಗೆ ಸೂಟು ಬರೊಬ್ಬರಿ ಆತೇನ್ರಿ?” ಖಲೀಲನ ದನಿ.

“ಯಾ ಅಕ್ಕಾರಿಗೆ?”

“ಡಬ್ಲ್ಯೂ ಅಂದ್ರ ವುಮನ್ ಅಲ್ರಿ? ಹೆಣ್ಮಕ್ಕಳದು. ಗಂಡಸರದು ಎಮ್. ಅದಕ್ಕಽ ಎರಡೆರಡು ಸಲ ಕೇಳಿದ್ನಿ.”

ಅಡುಗೆಮನೆಯಲ್ಲಿ ಲಟ್ಟಣಿಗೆಯ ಸದ್ದು ನಿಂತಿತು. ಗದಿಗೆವ್ವ ಹೊರಬಂದು, ಹಗ್ಗದ ಮೇಲೆ ಒಣಗುತ್ತಿದ್ದ ಸೂಟನ್ನು ಎಳೆದುಕೊಂಡು ಒಳಗೆ ಹೋಗಿ ಕದ ಹಾಕಿಕೊಂಡಳು. ಅಂದಾನಪ್ಪ ಕೊಡ ಇಳಿಸುವುದನ್ನೂ ಮರೆತು ನಿಂತರು.

ಕದ ತೆರೆಯಿತು. ಭುಜದಲ್ಲಿ ಒಂದು ನೆರಿಗೆ ಇಲ್ಲ, ಸೊಂಟದಲ್ಲಿ ಒಂದು ಸುಕ್ಕಿಲ್ಲ. ಸುಳ್ಳು ಹೇಳಲು ಬಾಯಿ ಸಿದ್ಧವಿತ್ತು, ಮೂವತ್ತು ವರ್ಷದ ಕಣ್ಣು ಒಪ್ಪಲಿಲ್ಲ.

“ಹೊಲಿಸಿದಂಗ ಐತಿ,” ಎಂದರು. ತಕ್ಷಣ ಚೇತರಿಸಿಕೊಂಡು, “ಆದ್ರೂ ನಾ ಬದಲಿ ಮಾಡಿಸ್ತೀನಿ. ಎಮ್ ತರಸ್ತೀನಿ” ಎಂದರು.

“ನಿಮ್ಮ ಅಂಗಡ್ಯಾಗ ಬೋರ್ಡ್ ಹಾಕೀರಲ್ರಿ, ಒಮ್ಮೆ ಮಾರಿದ ಮಾಲು ವಾಪಸ್ ಇಲ್ಲಾ ಅಂತ. ಅಂವಾ ಏನು ಧರ್ಮಛತ್ರ ಇಟ್ಟಾನೇನು?”

ಅಂದಾನಪ್ಪ ಕೊಡ ಇಳಿಸಿದರು. ಒಳಗೆ ಹೋಗಿ ಅರಿಷಿಣದ ಬಟ್ಟಲು ತಂದು, ಸೂಟಿನ ಕೊರಳಪಟ್ಟಿಗೆ ಒಂದು ಬೊಟ್ಟು ಹಚ್ಚಿದರು.

“ತೊಳಕೊಂಡು ಹೋಗತೈತಿ ಅಂದಿದ್ರಿ?”

“ಹೋಗಲಿ ಬಿಡು. ನೀ ಹುಷಾರಾಗಿ ಬಾ.” ಆಮೇಲೆ ಮೆಲ್ಲಗೆ ಕೇಳಿದರು, “ಅಷ್ಟೊತ್ತನಕ ನಾ ಅಲ್ಲಿ ಏನ್ ಮಾಡಲಿ?”

ಗದಿಗೆವ್ವ ಹೊಸ್ತಿಲ ಬಳಿಯಿದ್ದ ತನ್ನ ಚಪ್ಪಲಿಗಳನ್ನು ಎತ್ತಿ ತಂದು, ಅವರ ಕಾಲ ಮುಂದೆ ಜೋಡಿಸಿ ಇಟ್ಟಳು.

“ಜವಾಬ್ದಾರಿ ಕೆಲಸ ಐತ್ರಿ. ಇವತ್ತಿಂದಽ ಅಭ್ಯಾಸ ಮಾಡ್ರಿ.”